ತೂಕದಣ್ಣನ ಕೂರುವ ಕೆಲಸ

ನಮ್ಮ ಯಜಮಾನರಿಗೆ ಗೋದಾಮಿನಲ್ಲಿ ಎರಡು ಕೆಲಸವಿತ್ತು. ಒಂದು ಸಂಬಳದ್ದು, ಲಾರಿಯಿಂದ ಸರಕು ಇಳಿಸುವುದು. ಇನ್ನೊಂದು ಮರ್ಯಾದೆಯದು, ಕೂರುವುದು. ನಗಬೇಡಿ, ನಿಜವಾಗಿಯೂ ಕೂರುವುದೇ. ಫೋರ್ಕ್‌ಲಿಫ್ಟಿನ ಮುಂದಿನ ಕಬ್ಬಿಣದ ತೋಳುಗಳ ಮೇಲೆ ಮಿತಿಮೀರಿ ಭಾರ ಬಿದ್ದರೆ ಅದರ ಹಿಂದಿನ ಚಕ್ರ ಮೇಲೇಳುತ್ತದೆ. ಆಗ ಹಿಂಬದಿಯಲ್ಲಿ ಒಬ್ಬ ದಡೂತಿ ಮನುಷ್ಯನನ್ನು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅಲ್ಲಿನವರ ವಿಜ್ಞಾನ. ಇವರಿಗಿಂತ ದಡೂತಿ ಅಲ್ಲಿ ಇನ್ನಾರಿದ್ದರು? ಹಾಗಾಗಿ ಇವರಿಗೆ ತೂಕದಣ್ಣ ಅಂತಲೇ ಹೆಸರು.

ಅಲ್ಲಿನ ಕ್ಯಾಂಟೀನ್ ನನ್ನದು. ಕಿಟಕಿ ತೆರೆದರೆ ಲಾರಿಗಳು ಬಂದು ನಿಲ್ಲುವ ಕಟ್ಟೆ ಪೂರ್ತಿ ಕಾಣುತ್ತದೆ. ಫೋರ್ಕ್‌ಲಿಫ್ಟ್ ಓಡಿಸುವವನು ಬೇರೆ ಯಾರೂ ಅಲ್ಲ, ನನ್ನ ತಮ್ಮ. "ಭಾವ, ಬನ್ನಿ! ನೀವಿಲ್ದೆ ಇದು ಏಳಲ್ಲ!" ಎಂದು ಅವನು ಕೂಗಿದ್ದೇ ತಡ, ಇವರು ಅರ್ಧ ಕುಡಿದ ಚಹಾ ಬಿಟ್ಟು, ಮೀಸೆ ಒರೆಸಿಕೊಂಡು, ಮದುಮಗನ ಹಾಗೆ ಹೊರಡುತ್ತಿದ್ದರು. ಉಳಿದವರು ಶಿಳ್ಳೆ ಹೊಡೆಯುತ್ತಿದ್ದರು. "ಇನ್ನೊಂದೆರಡು ಇಡ್ಲಿ ತಿಂದು ಹೋಗ್ರೀ, ತೂಕ ಕಮ್ಮಿ ಬಿದ್ದೀತು!" ಎಂದು ನಾನೂ ಕೂಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತೀರಿ ಎಂದು ಮನೆಯಲ್ಲಿ ನನ್ನಿಂದ ಬೈಸಿಕೊಳ್ಳುವ ಮನುಷ್ಯ ಅಲ್ಲಿ ಎಲ್ಲರಿಗೂ ಬೇಕಾದವರಾಗುವುದನ್ನು ಕಂಡು ನನಗೂ ಹಿತವಾಗುತ್ತಿತ್ತು.

ಚಾಲಕನ ಹೊರತು ಯಾರೂ ಹತ್ತಕೂಡದು ಎಂದು ಗೋಡೆಯ ಮೇಲೆ ಬೋರ್ಡಿತ್ತು. ಸೂಪರ್‌ವೈಸರಮ್ಮ ಬಂದಾಗಲೆಲ್ಲ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ! ಅವರು ಅತ್ತ ಹೋದರೆ ಇವರು ಇತ್ತ ಹತ್ತುತ್ತಿದ್ದರು.

ಒಂದು ದಿನ ಯಾವುದೋ ಯಂತ್ರದ ದೊಡ್ಡ ಪೆಟ್ಟಿಗೆ ಬಂತು. ಇವರು ಹತ್ತಿ ಕೂತರು, ತಮ್ಮ ಎತ್ತಿದ. ಹಿಂಬದಿ ಮೊಳದೆತ್ತರ ಎದ್ದಿತು, ಇವರು ಜಾರಿ ಕೆಳಗೆ ಬಿದ್ದರು. ಮುಂದೆ ಪೆಟ್ಟಿಗೆ ಉರುಳಿದ್ದೇ ಫೋರ್ಕ್‌ಲಿಫ್ಟ್ ಧಡಾರನೆ ನೆಲಕ್ಕೆ ಕುಕ್ಕಿತು. ಚಕ್ರದ ಅಂಚು ಇವರ ಪಾದಕ್ಕೆ ತಗುಲಿ ಎರಡು ಮೂಳೆ ಮುರಿದವು.

ಎರಡು ತಿಂಗಳು ಕಾಲಿಗೆ ಪ್ಲಾಸ್ಟರ್. ಕ್ಯಾಂಟೀನಿಗೆ ಬೀಗ ಹಾಕಿ ಇವರ ಸೇವೆಗೆ ನಿಂತೆ. ಇವರಿಗೋ ನೋವಿಗಿಂತ ಬೇರೆಯದೇ ಚಿಂತೆ.

"ಅಲ್ಲಾ ಕಣೇ, ನಾನಿಲ್ದೆ ಅಲ್ಲಿ ಭಾರ ಹೇಗೆ ಎತ್ತುತ್ತಾರೆ? ನನ್ನನ್ನ ಮರೆತೇಬಿಟ್ರೆ?"

"ಮರೆಯೋಕೆ ನೀವೇನು ಸಣ್ಣ ಸಾಮಾನಾ?"

ಇವರು ನಗಲಿಲ್ಲ. ಎಲ್ಲಿ ಕರಗಿಹೋಗುತ್ತಿದೆಯೋ ಎಂದು ದಿನವೂ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊದಲ ಸಲ ಊರುಗೋಲು ಹಿಡಿಸಿ ಗೋದಾಮಿಗೆ ಕರೆದುಕೊಂಡು ಹೋದೆ. ಕಟ್ಟೆಯ ಮೇಲೆ ಗದ್ದಲವೋ ಗದ್ದಲ. ನನ್ನ ತಮ್ಮನಿಗೆ ಬುದ್ಧಿ ಬಂದಿರುತ್ತದೆ ಎಂದುಕೊಂಡಿದ್ದೆ; ನಾಯಿ ಬಾಲ ಡೊಂಕೇ. ಅವನು ಪೆಟ್ಟಿಗೆ ಎತ್ತುತ್ತಿದ್ದ, ಹಿಂದೆ ಇಬ್ಬರು ಸಣಕಲರು ಒತ್ತಿಕೊಂಡು ಕೂತಿದ್ದರು. ಇಬ್ಬರು ಸೇರಿ ಒಬ್ಬ ತೂಕದಣ್ಣ! ಇವರ ಮುಖ ಬಾಡಿಹೋಯಿತು. ತಾವು ಕೂರುವ ಜಾಗ ಹೋಯಿತಲ್ಲ ಎಂಬ ಸಂಕಟ.

ಅಷ್ಟರಲ್ಲಿ ಹಿಂದಿನ ಚಕ್ರಗಳು ನೆಲ ಬಿಟ್ಟವು. ಒಂದು ಬೆರಳು, ಎರಡು ಬೆರಳು. ಕೂತವರಿಗೆ ಅದು ಕಾಣುವುದಿಲ್ಲ, ಅವರು ಹಲ್ಲು ಕಿರಿಯುತ್ತಿದ್ದರು. ಇಷ್ಟು ವರ್ಷ ಮೇಲೆಯೇ ಕೂತಿದ್ದ ಇವರು ಅದನ್ನು ಕೆಳಗೆ ನಿಂತು ನೋಡಿದ್ದು ಅದೇ ಮೊದಲು.

"ಇಳಿಸೋ! ಮೊದಲು ಇಳಿಸೋ ಅದನ್ನ!"

ಊರುಗೋಲು ಬಿಸಾಡಿ ಕುಂಟುತ್ತಲೇ ಓಡಿದರು. ತಮ್ಮ ಗಾಬರಿಯಾಗಿ ಇಳಿಸಿದ. ಇವರು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು.

"ಬೇಜಾರು ಮಾಡ್ಕೋಬೇಡಿ ಭಾವ, ನಿಮ್ಮ ಜಾಗ ನಿಮಗೇ," ಎಂದು ತಮ್ಮ ನಕ್ಕ.

"ಆ ಜಾಗ ಯಾರಿಗೂ ಬೇಡ. ಭಾರ ಹೆಚ್ಚಾದ್ರೆ ದೊಡ್ಡ ಗಾಡಿ ತರಿಸು. ನಾನೂ ಕೂರಲ್ಲ, ಇನ್ನೊಬ್ಬರನ್ನ ಕೂರೋಕೂ ಬಿಡಲ್ಲ."

ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕುಸಿದರು.

"ಲೇ, ನಾನು ಕೂತಾಗ್ಲೂ ಹೀಗೇ ಏಳ್ತಿತ್ತಾ?"

"ಹ್ಞೂಂ. ಪ್ರತಿ ಸಲ."

"ನಿಂಗೆ ಕಾಣ್ತಿತ್ತಾ?"

"ಕಾಣ್ತಿತ್ತು ಕಣ್ರೀ. ನೀವು ಅಷ್ಟು ಖುಷಿಯಾಗಿರ್ತಿದ್ರಲ್ಲ, ಸುಮ್ಮನಿದ್ದುಬಿಟ್ಟೆ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೆ ಅಳು ತಡೆಯಲಾಗಲಿಲ್ಲ.