ಒಂಬತ್ತನೆಯ ಕ್ಯಾಸೆಟ್ಟು

ಸೋಮವಾರ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಸರ್ವಮಂಗಳ ಒಂಬತ್ತನೆಯ ನಂಬರಿನ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು ಸೆರಗಿನಿಂದ ಒಮ್ಮೆ ಒರೆಸಿದಳು. ಧಾರಾವಾಹಿ ಶುರುವಾಗಲು ನಾಲ್ಕು ನಿಮಿಷವಿತ್ತು. ಬೆಳಿಗ್ಗೆಯ ಸೊರಬದ ಬಸ್ಸಿನಲ್ಲಿ ಬಂದ ಕ್ಯಾಸೆಟ್ಟು ಅದು. ಟೇಪನ್ನು ಮೊದಲಿನವರೆಗೆ ಹಿಂದಕ್ಕೆ ಸುತ್ತಿಯೇ ಕಳಿಸಿದ್ದರು. ಅವಳು ಅದನ್ನು ಹಾಕಿ, ಕೆಂಪು ಗುಂಡಿ ಒತ್ತಿದರೆ ಸಾಕಿತ್ತು.

ಶಿಕಾರಿಪುರದ ಆಸ್ಪತ್ರೆ ರಸ್ತೆಯಲ್ಲಿದ್ದ ಆ ಅಂಗಡಿ ಮೊದಲು ಅವಳ ಗಂಡ ಮಲ್ಲಿಕಾರ್ಜುನನ ಟಿವಿ ರಿಪೇರಿ ಅಂಗಡಿ. ಈಗಲೂ ಹಿಂದುಗಡೆ ಅವನು ಬೆಸುಗೆ ಕಡ್ಡಿ ಹಿಡಿದು ಕೂತಿರುತ್ತಾನೆ. ಮುಂದಿನ ಮೇಜು, ಅದರ ಮೇಲಿನ ಎರಡು ವಿಸಿಆರ್, ಎರಡು ವರ್ಷದಿಂದ ಸರ್ವಮಂಗಳಳದು. ೧೯೯೬ರಲ್ಲಿ ತಾಲ್ಲೂಕಿಗೆ ತಾಲ್ಲೂಕೇ ಕರೆಂಟಿನ ಸರದಿ ನೋಡಿಕೊಂಡು ಅಕ್ಕಿ ಬೀಸಿಸುತ್ತಿತ್ತು, ಸರದಿ ನೋಡಿಕೊಂಡು ಗದ್ದೆಗೆ ನೀರು ಬಿಡುತ್ತಿತ್ತು. ಆಸ್ಪತ್ರೆಯ ಲೈನಿಗೆ ಮಾತ್ರ ಸರದಿ ಇರಲಿಲ್ಲ. ಅದೇ ಲೈನಿನ ಮೂರನೆಯ ಕಂಬದಿಂದ ಈ ಅಂಗಡಿಗೆ ತಂತಿ ಎಳೆದಿತ್ತು. ತಮ್ಮ ಮನೆಯಲ್ಲಿ ಕರೆಂಟಿಲ್ಲದ ಹೊತ್ತಿನ ಕಾರ್ಯಕ್ರಮವನ್ನು ಇಲ್ಲಿ ರೆಕಾರ್ಡ್ ಮಾಡಿಸಿ, ಕರೆಂಟ್ ಬಂದಾಗ ನೋಡಿಕೊಳ್ಳುವ ಮನೆಗಳು ಹದಿನಾಲ್ಕು ಇದ್ದವು. ಮನೆಗೊಂದು ನಂಬರು, ನಂಬರಿಗೊಂದು ಕ್ಯಾಸೆಟ್ಟು, ಕ್ಯಾಸೆಟ್ಟಿಗೆ ಮೂರು ಗಂಟೆ. ವಾರಕ್ಕೆ ಅಷ್ಟೇ. ನೋಡಿದ ಮೇಲೆ ಕ್ಯಾಸೆಟ್ಟು ಸೋಮವಾರ ವಾಪಸ್ ಬರಬೇಕು, ಅದರ ಮೇಲೆಯೇ ಹೊಸ ವಾರದ್ದು ಕೂರಬೇಕು.

ಮೂರು ಗಂಟೆಯ ವಿಷಯದಲ್ಲಿ ಅವಳು ಯಾರ ಮುಖವನ್ನೂ ನೋಡಿದವಳಲ್ಲ. ಹಿಂದಿನ ತಿಂಗಳು ವಕೀಲ ಗಂಗಾಧರಪ್ಪನವರು ಕೋರ್ಟಿಗೆ ಹೋಗುವ ದಾರಿಯಲ್ಲಿ ಬಂದು, ಅವತ್ತಿನ ಕ್ರಿಕೆಟ್ ಪಂದ್ಯ ಪೂರ್ತಿ ಬೇಕು ಎಂದಿದ್ದರು.

"ಪೂರ್ತಿ ಅಂದ್ರೆ ಏಳು ತಾಸಾಗ್ತದ್ರಿ. ಯಾವ ಮೂರು ತಾಸು ಬೇಕು ಹೇಳ್ರಿ, ಅದನ್ನ ಹಿಡೀತೀನಿ."

"ಪಂದ್ಯಾನ ಹಂಗೆ ತುಂಡು ಮಾಡ್ತಾರೇನಮ್ಮ?"

"ಮಷೀನು ಎರಡೇ ಅದಾವ್ರಿ. ನಿಮಗೆ ಏಳು ಕೊಟ್ರೆ ಇನ್ಯಾರದೋ ನಾಲ್ಕು ಹೋಗ್ತದೆ."

ವಕೀಲರು ಕೊನೆಯ ಮೂರು ಗಂಟೆ ಆರಿಸಿಕೊಂಡರು. ಪಂದ್ಯ ಮಧ್ಯದಲ್ಲಿ ಸ್ವಲ್ಪ ನಿಂತು ಮುಂದುವರಿದದ್ದರಿಂದ ಕ್ಯಾಸೆಟ್ಟು ಮುಗಿದಾಗ ಇನ್ನೂ ಎರಡು ಓವರು ಬಾಕಿ ಇದ್ದವು. ಆಮೇಲೆ ಅವರು ಆ ರಸ್ತೆಗೆ ಬಂದಿರಲಿಲ್ಲ.

ಒಂಬತ್ತನೆಯ ನಂಬರು ಸೊರಬದ ವನಜಮ್ಮನದು. ವನಜಮ್ಮ ಸರ್ವಮಂಗಳಳಿಗೆ ತವರಿನ ಕಡೆಯಿಂದ ದೂರದ ನೆಂಟು, ವಯಸ್ಸಿನಲ್ಲಿ ಹಿರಿಯಳು. ಅವಳ ಮನೆಯಲ್ಲಿ ವಿಸಿಆರ್ ಇತ್ತು, ಆದರೆ ಮಧ್ಯಾಹ್ನ ಕರೆಂಟ್ ಇರುತ್ತಿರಲಿಲ್ಲ. ಐದು ದಿನದ ಧಾರಾವಾಹಿ ತುಂಬಿಕೊಂಡ ಕ್ಯಾಸೆಟ್ಟು ಶುಕ್ರವಾರ ಸಂಜೆಯ ಬಸ್ಸಿಗೆ ಹೋಗುತ್ತಿತ್ತು. ಶನಿವಾರ ರಾತ್ರಿ ಕೇರಿಯ ಹೆಂಗಸರೆಲ್ಲ ವನಜಮ್ಮನ ನಡುಮನೆಯಲ್ಲಿ ಕೂತು ಐದನ್ನೂ ಒಟ್ಟಿಗೆ ನೋಡಿ ಮುಗಿಸುತ್ತಿದ್ದರು.

ಸರ್ವಮಂಗಳ ಕ್ಯಾಸೆಟ್ಟನ್ನು ಮಷೀನಿನ ಬಾಯಿಗೆ ಇಡುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಸಬ್ ಇನ್‌ಸ್ಪೆಕ್ಟರ್ ಹುಚ್ಚರಾಯಪ್ಪನವರ ಜೊತೆ ಬಿಳಿ ಅಂಗಿಯ ಒಬ್ಬ ಅಪರಿಚಿತನಿದ್ದ. ಬೆಂಗಳೂರಿನಲ್ಲಿ ಸಿನಿಮಾ ಕ್ಯಾಸೆಟ್ ಮಾರುವ ಕಂಪನಿಯವನು. ಕಳ್ಳ ಕಾಪಿ ಹುಡುಕಿಕೊಂಡು ಊರೂರು ತಿರುಗುವುದು ಅವನ ಕೆಲಸ.

"ಇರೋ ಕ್ಯಾಸೆಟ್ ಎಲ್ಲಾ ಹಾಕಿ ತೋರಿಸಮ್ಮ," ಅಂದರು ಹುಚ್ಚರಾಯಪ್ಪ.

"ತೋರಿಸ್ತೀನಿ ಸಾರ್. ನಮ್ಮಲ್ಲಿ ಸಿನಿಮಾ ಇಲ್ಲ."

ಅವಳ ದನಿಯಲ್ಲಿ ಅಳುಕಿರಲಿಲ್ಲ, ಏಕೆಂದರೆ ಅವಳು ಹೇಳಿದ್ದು ಅವಳಿಗೆ ಗೊತ್ತಿದ್ದಷ್ಟು ನಿಜ. ಒಂದನೆಯದರಲ್ಲಿ ಹತ್ತನೇ ತರಗತಿಯ ಗಣಿತ ಪಾಠ ಬಂತು. ನಾಲ್ಕನೆಯದರಲ್ಲಿ ಭತ್ತದ ಸಸಿಮಡಿ. ಆರನೆಯದನ್ನು ಬಿಳಿ ಅಂಗಿಯವನು ಎತ್ತಿಕೊಂಡು ಚೀಟಿ ಓದಿದ, "ಉಚ್ಚಂಗಮ್ಮ, ಪೊಲೀಸ್ ಕ್ವಾರ್ಟರ್ಸ್."

"ಅದು ನಮ್ಮ ಮನೇದು," ಅಂದರು ಹುಚ್ಚರಾಯಪ್ಪ. "ಹಾಕ್ರಿ, ನೋಡೋಣ. ನನಗೂ ಏನು ನೋಡ್ತಾರೆ ಗೊತ್ತಿಲ್ಲ."

ಅದರಲ್ಲಿ ಅಡುಗೆ ಕಾರ್ಯಕ್ರಮವಿತ್ತು. ಕಂಪನಿಯವನು ಕೊನೆಗೆ ಸರ್ವಮಂಗಳಳ ಕೈಯಲ್ಲಿದ್ದುದನ್ನು ಇಸಿದುಕೊಂಡ. ಒಂಬತ್ತನೆಯದು. ಪರದೆಯ ಮೇಲೆ ಕಳೆದ ವಾರದ ಧಾರಾವಾಹಿಯ ಬದಲು ಒಂದು ಮದುವೆ ಮಂಟಪ ಬಂತು, ಮಂಟಪದ ಸುತ್ತ ನಲವತ್ತು ಜನ ಕುಣಿಯುವವರು ಬಂದರು.

"ಈ ಪಿಕ್ಚರ್ ಶಿವಮೊಗ್ಗದಲ್ಲಿ ಇನ್ನೂ ಓಡ್ತಾ ಇದೆ," ಅಂದ ಅವನು. "ಕ್ಯಾಸೆಟ್ ಹಕ್ಕು ನಮ್ಮದು. ನಾವೇ ಇನ್ನೂ ಬಿಟ್ಟಿಲ್ಲ."

ಹಿಂದಿನಿಂದ ಎದ್ದು ಬಂದ ಮಲ್ಲಿಕಾರ್ಜುನ ಹೆಂಡತಿಯ ಮುಖ ನೋಡಿದ. ಅವಳು ಪರದೆ ನೋಡುತ್ತಲೇ ಇದ್ದಳು. ಮೂರು ಗಂಟೆಗೆ ಎರಡೂ ಮಷೀನು, ಹದಿನಾಲ್ಕು ಕ್ಯಾಸೆಟ್ಟು ಜೀಪಿನಲ್ಲಿದ್ದವು. ಅವರು ಬರುವುದು ಇನ್ನು ಐದಾರು ನಿಮಿಷ ತಡವಾಗಿದ್ದರೆ ಆ ಮದುವೆ ಮಂಟಪದ ಮೇಲೆ ಧಾರಾವಾಹಿ ಕೂತು ಅಳಿಸಿಹೋಗಿರುತ್ತಿತ್ತು. ಆ ಲೆಕ್ಕ ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಮಷೀನು ಹೋದರೆ ಅಂಗಡಿಯ ಮುಂದಿನ ಅರ್ಧ ಹೋದಂತೆ. ಅದನ್ನು ವಾಪಸ್ ತರುವುದು ಹೇಗೆ ಎಂಬುದೊಂದೇ ಈಗ ಅವಳಿಗೆ ಬೇಕಾಗಿತ್ತು.

ಊರಿನಲ್ಲಿ ಇಂಥ ಕಾನೂನು ತಿಳಿದ ವಕೀಲರು ಒಬ್ಬರೇ. ಅವತ್ತು ಸಂಜೆಯೇ ಅವಳು ಅವರ ಮನೆಗೆ ಹೋದಳು.

"ಬಾರಮ್ಮ," ಅಂದರು ಗಂಗಾಧರಪ್ಪ, ಕನ್ನಡಕ ಸರಿಮಾಡಿಕೊಂಡು. "ನಾನೂ ಮೂರು ತಾಸು ಮಾತ್ರ ಕೇಳೋದು. ಕೊನೇ ಎರಡು ಓವರಿನಷ್ಟು ಮಾತು ಕೇಳೋದಿಲ್ಲ, ಮೊದಲೇ ಹೇಳೀನಿ."

"ಬೈರಿ. ಬೈದು ಮುಗಿದ ಮೇಲೆ ಕಾನೂನು ಏನಂತದೆ ಹೇಳ್ರಿ."

ಅವರು ನಕ್ಕು ಪುಸ್ತಕ ತೆಗೆದರು. ಎರಡು ವರ್ಷದ ಹಿಂದೆ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆ. ಅವರು ಓದಿ, ತಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರು: ಟಿವಿಯಲ್ಲಿ ಬಂದದ್ದನ್ನು ರೆಕಾರ್ಡ್ ಮಾಡಿಕೊಂಡವರು ತಮ್ಮ ಸ್ವಂತಕ್ಕೆ ನೋಡಿಕೊಂಡರೆ ತಪ್ಪಿಲ್ಲ. ಇನ್ನೊಬ್ಬರಿಗೆ ಮಾಡಿಕೊಟ್ಟರೆ ಪ್ರಶ್ನೆ ಬರುತ್ತದೆ. ಸಿನಿಮಾ ಇಟ್ಟುಕೊಂಡು ಹಂಚಿದ್ದು ಅಂತ ಆದರೆ ಕೇಸೇ.

"ಹಂಗಾದ್ರೆ ನಾ ಮಾಡ್ತಿದ್ದಿದ್ದು ತಪ್ಪೇನ್ರಿ?"

"ತಪ್ಪು ಅಂತ ಇನ್ನೂ ಯಾವ ಕೋರ್ಟೂ ನಿನಗೆ ಹೇಳಿಲ್ಲ. ಸರಿ ಅಂತ ನಾನೂ ಹೇಳಲ್ಲ. ಮೊದಲು ಆ ಸಿನಿಮಾ ಎಲ್ಲಿಂದ ಬಂತು, ಅದನ್ನ ತಿಳ್ಕೊಂಡು ಬಾ."

ಮರುದಿನ ಬೆಳಿಗ್ಗೆ ಅವಳು ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಸೊರಬಕ್ಕೆ ಹೋದಳು. ವನಜಮ್ಮ ಹಿತ್ತಿಲಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿದ್ದಳು. ಸಿನಿಮಾದ ಮಾತು ಎತ್ತಿದ್ದೇ ಅವಳ ಮುಖ ಅರಳಿತು.

"ಅಂತೂ ನೋಡಿದ್ಯಲ್ಲ ಮಾರಾಯ್ತಿ. ಏಳು ತಿಂಗಳಾಯ್ತು, ಚೆನ್ನಾಗಿತ್ತು ಅಂತ ಒಂದು ಮಾತು ಬರ್ಲಿಲ್ಲ ನಿನ್ನ ಬಾಯಿಂದ. ನಂಗೆ ಬೇಜಾರೇ ಆಗಿತ್ತು."

"ಏಳು ತಿಂಗಳಾ ವನಜಕ್ಕ?"

"ಮತ್ತೆ? ಶುಕ್ರವಾರ ನೀನು ತುಂಬಿ ಕಳಸ್ತೀಯ. ನಾವು ನೋಡಿ ಮುಗಿಸಿದ್ ಮೇಲೆ ಖಾಲಿ ಕಳಸೋಕೆ ಆಗ್ತದನೆ? ಯಾರಾದ್ರೂ ಪಲ್ಯ ಕೊಟ್ಟ ಬಟ್ಟಲನ್ನ ತೊಳ್ದು ಬರಿದೇ ವಾಪಸ್ ಕೊಡ್ತಾರಾ? ಭಾನುವಾರ ಕೇಬಲ್‌ನವನು ಯಾವುದಾದ್ರೂ ಪಿಕ್ಚರ್ ಹಾಕ್ತಾನೆ. ಅದನ್ನೇ ಹಿಡಿದು ತುಂಬಿಸಿ ಕಳಸ್ತಿದ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ಕೊಟ್ಟಿದ್ದನ್ನ ಹೇಳ್ಕೊಂಡು ತಿರುಗ್ತಾರನೆ?"

ಸರ್ವಮಂಗಳ ಹಿತ್ತಿಲ ಕಟ್ಟೆಯ ಮೇಲೆ ಕೂತಳು. ಏಳು ತಿಂಗಳು, ವಾರಕ್ಕೊಂದರಂತೆ ಮೂವತ್ತು ಸಿನಿಮಾ ಅವಳ ಅಂಗಡಿಗೆ ಬಂದಿದ್ದವು. ಒಂದನ್ನೂ ನೋಡದೆ, ಬಂದದ್ದೇ ಗೊತ್ತಿಲ್ಲದೆ, ಪ್ರತಿ ವಾರ ಸೋಮವಾರ ಎರಡೂವರೆಯಿಂದ ಶುಕ್ರವಾರದೊಳಗೆ ಅವಳೇ ಅಳಿಸಿದ್ದಳು. ಅದನ್ನು ಹೇಳಿದಾಗ ವನಜಮ್ಮ ಹಪ್ಪಳ ಕೈಯಲ್ಲಿ ಹಿಡಿದಂತೆಯೇ ನಿಂತಳು.

"ಎಲ್ಲಾನೂ?"

"ಎಲ್ಲಾನೂ. ನಿನ್ನೇದು ಒಂದು ಉಳೀತು, ಅದು ಪೊಲೀಸ್ನೋರ ಕೈಲಿದೆ."

ವನಜಮ್ಮ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. "ನಡಿ. ಹಿಡಿದಿದ್ದು ನಾನು. ನಾನೇ ಬಂದು ಹೇಳ್ತೀನಿ."

ಠಾಣೆಯಲ್ಲಿ ಅವಳು ಹೇಳಿದ್ದನ್ನು ಹುಚ್ಚರಾಯಪ್ಪನವರು ಒಂದೂವರೆ ಪುಟ ಬರೆದುಕೊಂಡರು. ಬಟ್ಟಲಿನ ವಿಷಯ ಬಂದಾಗ ಪೆನ್ನು ನಿಂತಿತು.

"ಇದನ್ನೂ ಬರೀಬೇಕೇನ್ರಿ?"

"ಬರೀರಿ ಸಾರ್," ಅಂದಳು ವನಜಮ್ಮ. "ಅದಿಲ್ಲದಿದ್ರೆ ಮಿಕ್ಕಿದ್ದು ಯಾರಿಗೆ ಅರ್ಥ ಆಗ್ತದೆ?"

ಕಂಪನಿಯವನು ಸುಲಭಕ್ಕೆ ಒಪ್ಪಲಿಲ್ಲ. ಇಂಥ ಕಥೆ ಎಲ್ಲ ಊರಿನಲ್ಲೂ ಕೇಳಿದ್ದೇನೆ ಎಂದ. ಆಗ ಜೊತೆಗೆ ಬಂದಿದ್ದ ಗಂಗಾಧರಪ್ಪನವರು ಸರ್ವಮಂಗಳಳ ಅಂಗಡಿಯ ಗೋಡೆಯಿಂದ ಬಿಚ್ಚಿ ತಂದಿದ್ದ ರೆಕಾರ್ಡಿಂಗ್ ಸರದಿಯ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಹದಿನಾಲ್ಕು ಮನೆ, ವಾರದ ಒಂದೊಂದು ದಿನ, ಯಾವ ಹೊತ್ತಿಗೆ ಯಾವ ಮಷೀನು. ಒಂದು ಮನೆಗೂ ಮೂರು ಗಂಟೆ ಮೀರಿರಲಿಲ್ಲ. ಎರಡು ಮಷೀನನ್ನು ಒಂದಕ್ಕೊಂದು ಜೋಡಿಸಿ ಕಾಪಿ ತೆಗೆಯಲು, ಎರಡೂ ಒಟ್ಟಿಗೆ ಮೂರು ಗಂಟೆ ಬಿಡುವಾಗಿದ್ದ ಹೊತ್ತು ಹಗಲಲ್ಲಿ ಒಂದೂ ಇರಲಿಲ್ಲ.

"ಸಿನಿಮಾ ಮಾರೋರು ಯಾರಾದ್ರೂ ಸಿಕ್ಕ ಪಿಕ್ಚರ್ ಮೇಲೆ ಧಾರಾವಾಹಿ ಹಾಕಿ ಅಳಿಸ್ತಾರೇನ್ರಿ?" ಎಂದು ಅವರು ಕೇಳಿದರು. "ಈಯಮ್ಮ ನನಗೇ ಎರಡು ಓವರ್ ಹೆಚ್ಚು ಕೊಡಲಿಲ್ಲ. ನಿಮ್ಮ ಪಿಕ್ಚರ್‌ಗೆ ಎಲ್ಲಿಂದ ಜಾಗ ಕೊಟ್ಟಾಳು?"

ಬಿಳಿ ಅಂಗಿಯವನು ಹಾಳೆಯನ್ನು ಎರಡು ಸಲ ಓದಿದ. ಆಮೇಲೆ, ಸೊರಬದ ಕೇಬಲ್‌ನವನ ಹೆಸರೇನು ಎಂದು ವನಜಮ್ಮನನ್ನು ಕೇಳಿ ಬರೆದುಕೊಂಡ. ಒಂಬತ್ತನೆಯ ಕ್ಯಾಸೆಟ್ಟು ತನಗೆ ಬೇಕು ಎಂದ. ಉಳಿದ ಹದಿಮೂರರ ಬಗ್ಗೆ ತನ್ನ ಕಂಪನಿಯ ದೂರಿಲ್ಲ ಎಂದು ಬರೆದು ಸಹಿ ಹಾಕಿದ. ಇನ್ನು ಮುಂದೆ ಬೇರೆಯವರಿಗಾಗಿ ತಾನು ರೆಕಾರ್ಡ್ ಮಾಡಿಕೊಡುವುದಿಲ್ಲ ಎಂದು ಸರ್ವಮಂಗಳಳಿಂದ ಮುಚ್ಚಳಿಕೆ ಬರೆಸಿಕೊಂಡು ಹುಚ್ಚರಾಯಪ್ಪನವರು ಮಷೀನನ್ನೂ ಆ ಹದಿಮೂರು ಕ್ಯಾಸೆಟ್ಟನ್ನೂ ಬಿಟ್ಟರು. ಬುಧವಾರ ಸಂಜೆ ಎರಡೂ ಮಷೀನು ಮೇಜಿನ ಮೇಲೆ ವಾಪಸ್ ಕೂತವು.

"ಮಷೀನು ಬಂತು, ಕೆಲಸ ಹೋಯ್ತು," ಅಂದ ಮಲ್ಲಿಕಾರ್ಜುನ, ತಂತಿ ಜೋಡಿಸುತ್ತ.

"ಎಲ್ಲಿ ಹೋಯ್ತುರೀ? ನಾನು ಮಾಡ್ಬಾರ್ದು ಅಂದಾರೆ. ಅವರವರು ಮಾಡ್ಕೋಬಾರ್ದು ಅಂದಿಲ್ಲ."

ಆ ಯೋಚನೆಯನ್ನು ಅವಳು ಠಾಣೆಯಿಂದ ಬರುವ ದಾರಿಯಲ್ಲೇ ಮುಗಿಸಿದ್ದಳು. ಕ್ಯಾಸೆಟ್ಟು ಮನೆಯವರದೇ ಆಗಬೇಕು. ಮನೆಯವರೇ ಬಂದು ಕೂರಬೇಕು, ತಮ್ಮ ಕೈಯಿಂದ ಗುಂಡಿ ಒತ್ತಬೇಕು, ಮುಗಿದ ಮೇಲೆ ಕ್ಯಾಸೆಟ್ಟು ಚೀಲಕ್ಕೆ ಹಾಕಿಕೊಂಡು ಹೋಗಬೇಕು. ಅವಳದು ಮಷೀನು ಮತ್ತು ಆಸ್ಪತ್ರೆ ಲೈನಿನ ಕರೆಂಟು, ಅಷ್ಟೇ. ಗಂಗಾಧರಪ್ಪನವರನ್ನು ಕೇಳಿದಾಗ ಅವರು ಮೀಸೆ ನೀವಿಕೊಂಡು, "ಹಿಂಗಾದ್ರೆ ನಾಳೆ ಯಾರಾದ್ರೂ ಕೇಳಿದ್ರೆ ನನಗೆ ಹೇಳೋಕೆ ಒಂದು ಬಾಯಿ ಇರ್ತದೆ" ಅಂದರು. ಆಮೇಲೆ, ಬರುವ ಭಾನುವಾರದ ಪಂದ್ಯಕ್ಕೆ ತಾವೇ ಮೂರು ಕ್ಯಾಸೆಟ್ಟು ತರುವುದಾಗಿ ಹೇಳಿದರು.

"ಒಂದೇ ತರ್ರಿ," ಅಂದಳು ಸರ್ವಮಂಗಳ.

ಸೊರಬದವರದು ಮಾತ್ರ ಕಷ್ಟವಿತ್ತು. ದಿನಾ ಮಧ್ಯಾಹ್ನ ಅಷ್ಟು ದೂರ ಬರುವವರು ಯಾರು? ಅದನ್ನು ವನಜಮ್ಮ ಶನಿವಾರ ತನ್ನ ನಡುಮನೆಯಲ್ಲಿ ಮಾತಿಗಿಟ್ಟಳು. ಅವತ್ತು ನೋಡಲು ಏನೂ ಇರಲಿಲ್ಲ, ಹಾಗಾಗಿ ಎಲ್ಲರೂ ಕೇಳಿಸಿಕೊಂಡರು. ಐದು ದಿನ, ವಿಸಿಆರ್ ಇದ್ದ ಐದು ಮನೆ ಎಂದು ತೀರ್ಮಾನವಾಯಿತು. ಪ್ರತಿ ಮನೆಯವಳು ವಾರಕ್ಕೊಂದು ದಿನ ತನ್ನದೇ ಕ್ಯಾಸೆಟ್ಟು ಹಿಡಿದು ಹೋಗಿ, ತನ್ನ ಕೈಯಿಂದ ಆ ದಿನದ ಭಾಗ ಹಿಡಿದು, ತನ್ನ ಮನೆಗೆ ತರುವುದು. ಸಂಜೆ ಅವಳ ಮನೆಗೆ ಯಾರು ಬಂದು ಕೂರುತ್ತಾರೆ ಎಂಬುದು ಅವಳಿಗೂ ಅವಳ ನೆಂಟರಿಷ್ಟರಿಗೂ ಬಿಟ್ಟದ್ದು. ಸೋಮವಾರದ ಸರದಿ ವನಜಮ್ಮನದು. ಅವಳು ಹನ್ನೆರಡು ಗಂಟೆಯ ಬಸ್ಸಿಗೆ ಹೊರಡುತ್ತಾಳೆ.