ಮಾವನ ಏರ್‌ಗನ್, ನನ್ನ ಗುರಿ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವನು. ಬೇರೆಯವರು ಮಾಡಿದ ಪೀಸುಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಒಂದೇ ಪಾಠ ಹೇಳುತ್ತೇನೆ: ಅಳೆಯುವ ಮೊದಲು ಪೀಸನ್ನು ಒರೆಸಿ. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ಜಗತ್ತಿನಲ್ಲಿ ತಾನೊಬ್ಬನೇ ಸರಿ ಅನ್ನಿಸತೊಡಗುತ್ತದೆ. ಹಾಗನ್ನಿಸದೆ ಇದ್ದ ಒಂದೇ ಜಾಗವೆಂದರೆ ನಾಗಸಂದ್ರದ ಆಚೆಗಿರುವ ಮಾವನ ಮನೆ.

ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಶೆಡ್ಡುಗಳೆದ್ದಿವೆ. ಆದರೂ ಅವರು ಇವತ್ತಿಗೂ ಹಾಲು ಕರೆಯುತ್ತಾರೆ, ಕೆಟ್ಟ ಮೋಟಾರು ಬಿಚ್ಚುತ್ತಾರೆ. ನಾನು ಕೈ ಹಾಕಲು ಹೋದರೆ ಮಾತ್ರ "ಅಯ್ಯೋ, ಅಳಿಯಂದ್ರು ಕೂತ್ಕಳಿ" ಎಂದು ಫ್ಯಾನಿನ ಕೆಳಗೆ ಕುರ್ಚಿ ಹಾಕುತ್ತಾರೆ. ಮದುವೆಯಾದಾಗಿನಿಂದ ಆ ಕುರ್ಚಿಯಲ್ಲಿ ಕೂತು ಕೂತು ನನಗೆ ನಿಜಕ್ಕೂ ಅವಮಾನವಾಗುತ್ತಿತ್ತು.

ಆ ಮನೆಯಲ್ಲಿ ಹಳೇ ಬ್ರಿಟಿಷ್ ಏರ್‌ಗನ್ ಒಂದಿತ್ತು. ಮಾವನ ತಂದೆ ಯಾರೋ ದೊರೆಯ ತೋಟ ನೋಡಿಕೊಂಡಿದ್ದರಂತೆ, ದೊರೆ ತನ್ನ ದೇಶಕ್ಕೆ ಹೊರಡುವಾಗ ಕೊಟ್ಟುಹೋದದ್ದು. ಒಳ್ಳೆಯ ಮರದ ಹಿಡಿ, ಉಕ್ಕಿನ ಮೇಲೆ ಬರ್ಮಿಂಗ್‌ಹ್ಯಾಮ್ ಎಂದು ಕೊರೆದ ಅಕ್ಷರ. ನಳಿಗೆಯನ್ನು ಮಡಚಿ ಒಂದೊಂದೇ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ತುಂಬಬೇಕು. ಆಯುಧಪೂಜೆಯ ದಿನ ಟ್ರ್ಯಾಕ್ಟರು, ಕುಡುಗೋಲುಗಳ ಜೊತೆ ಅದಕ್ಕೂ ಪೂಜೆ. ಪೂಜೆ ಮುಗಿದ ಮೇಲೆ ಕಾಂಪೌಂಡ್ ಗೋಡೆಯ ಮುಂದಿನ ನುಗ್ಗೆಮರಕ್ಕೆ ದಾರದಲ್ಲಿ ನಿಂಬೆಹಣ್ಣು ತೂಗುಬಿಟ್ಟು, ಹತ್ತು ಮೀಟರ್ ದೂರದಿಂದ ಮಾವ ಒಂದೇ ಏಟಿಗೆ ಹೊಡೆಯುತ್ತಿದ್ದರು.

ಹೋದ ವರ್ಷ ಅವರು ಕೋವಿಯನ್ನು ನನ್ನ ಕೈಗಿಟ್ಟರು. "ಅಳಿಯಂದ್ರೆ, ನನ್ ಕಣ್ಣು ಮಂಜಾಗ್ಯದೆ. ಈ ವರ್ಸ ನಿಮ್ತಾವ ಇರ್ಲಿ. ಮುಂದಿನ ಪೂಜೆಗೆ ನಿಂಬೆಅಣ್ಣು ಒಡುದ್ರೆ ನಿಮ್ದೆ. ಇಲ್ಲಾಂದ್ರೆ ಯಾರು ಒಡೀತಾರೋ ಅವ್ರುದು."

ನನಗೆ ಕಣ್ಣು ತುಂಬಿ ಬಂತು. ಕೊನೆಗೂ ಕುರ್ಚಿಯಿಂದ ಎದ್ದೆ ಅನ್ನಿಸಿತು. ಆ ಹುರುಪಿನಲ್ಲಿ ಕೋವಿಗೆ ನಾನೇ ಇನ್ನೊಂದು ಸಲ ಧಾರಾಳವಾಗಿ ಗಂಧ, ಕುಂಕುಮ ಹಚ್ಚಿದೆ. ಹಿಡಿಗೆ, ನಳಿಗೆಗೆ, ಗುರಿ ನೋಡಲೆಂದು ನಳಿಗೆಯ ತುದಿಯಲ್ಲಿರುವ ಪುಟ್ಟ ಮುಳ್ಳಿಗೂ. ಪೂಜೆಯ ಬೊಟ್ಟು ಒರೆಸಬಾರದು, ತಾನಾಗೇ ಹೋಗಬೇಕು ಎಂದು ಅಮ್ಮ ಹೇಳುತ್ತಿದ್ದಳು. ನಾನು ಒರೆಸಲಿಲ್ಲ.

ಭಾನುವಾರಗಳಂದು ಮಾಲೀಕರನ್ನು ಕೇಳಿಕೊಂಡು ಕಾರ್ಖಾನೆಯ ಹಿತ್ತಲಲ್ಲಿ ಅಭ್ಯಾಸ ಶುರುವಾಯಿತು. ಮರದ ಪೆಟ್ಟಿಗೆಗೆ ಹತ್ತಿಬಟ್ಟೆ ತುರುಕಿ, ಮೇಲೆ ಕಾಗದ ಅಂಟಿಸಿ ಹೊಡೆದೆ. ಎಲ್ಲ ಏಟೂ ಎರಡು ಬೆರಳು ಕೆಳಗೇ ಬಿತ್ತು. ನಾನು ತಪ್ಪುವವನೇ? ಮೊದಲು ಪೆಲೆಟ್ಟನ್ನು ಬೈದೆ, ಆಮೇಲೆ ಸ್ಪ್ರಿಂಗನ್ನು, ಆಮೇಲೆ ಬರ್ಮಿಂಗ್‌ಹ್ಯಾಮಿನವರನ್ನು. ಅವರ ಇನ್‌ಸ್ಪೆಕ್ಷನ್ ಸರಿಯಿಲ್ಲ ಎಂದು ಕ್ಯಾಂಟೀನಿನಲ್ಲಿ ಭಾಷಣ ಮಾಡಿದೆ. ದೂರ ಅಳೆದೆ, ಪೆಲೆಟ್ ತೂಗಿದೆ, ದಶಾಂಶ ಬಿಂದುವಿನ ನಂತರ ಮೂರಂಕಿ ಬರುವಂಥ ಲೆಕ್ಕ ಬರೆದಿಟ್ಟೆ. ಒಂದು ದಿನ ಮನೆಯಲ್ಲಿ ಕೋವಿ ಹಿಡಿದು ಕೂತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ನಾನೂ ಒಂದ್ಸಲ ನೋಡ್ಲಾ?" ಅಂದಳು. "ಬೇಡ, ಸೆಟ್ಟಿಂಗ್ ಹಾಳಾಗತ್ತೆ" ಅಂದೆ.

ಕೊನೆಗೆ ಕೋವಿಯ ಹಿಂಭಾಗದಲ್ಲಿರುವ, ಗುರಿ ನೋಡುವ ಕಚ್ಚಿನ ಪಟ್ಟಿಯನ್ನೇ ಬದಲಾಯಿಸಿದೆ. ಹಳೆಯದಕ್ಕಿಂತ ಒಂದೂವರೆ ಮಿಲಿಮೀಟರ್ ಎತ್ತರದ ಹೊಸ ಪಟ್ಟಿ, ಗ್ರೈಂಡಿಂಗ್ ಆಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದಾದ ಮೇಲೆ ಹತ್ತಕ್ಕೆ ಹತ್ತು ಏಟು ನಟ್ಟನಡುವೆ! ಬ್ರಿಟಿಷರ ತಪ್ಪನ್ನು ಪೀಣ್ಯ ತಿದ್ದಿತು ಎಂದು ಎದೆ ಉಬ್ಬಿತು. ಈ ಸಲದ ಪೂಜೆಗೆ ಕಾರ್ಖಾನೆಯ ಇಬ್ಬರು ಗೆಳೆಯರನ್ನೂ ಕರೆದೆ. ಈಗ ನೆನೆದರೆ ಅದೇ ಹೆಚ್ಚು ನಾಚಿಕೆ.

ಪೂಜೆ ಮುಗಿಯಿತು. ನಿಂಬೆಹಣ್ಣು ತೂಗಾಡದೆ ಸುಮ್ಮನೆ ನಿಂತಿತ್ತು. ಮೊದಲ ಏಟು ಹಣ್ಣಿನ ಮೇಲಿನಿಂದ ಹಾರಿ ಗೋಡೆಯ ಸುಣ್ಣ ಉದುರಿಸಿತು. ಎರಡನೆಯದೂ ಅಲ್ಲೇ. ಮೂರನೆಯದೂ ಅಲ್ಲೇ, ಅದೇ ತೂತಿನ ಪಕ್ಕ. ಗೆಳೆಯರು ಚಪ್ಪಲಿ ನೋಡಿಕೊಳ್ಳತೊಡಗಿದರು. ಮಾವ ಕೆಮ್ಮಿ, "ಗಾಳಿ ಜಾಸ್ತಿ ಇವತ್ತು" ಅಂದರು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಹೋದ ಭಾನುವಾರ ಸರಿಯಾಗೇ ಇತ್ತಲ್ಲ" ಎಂದೆ, ಯಾರಿಗೋ ದೂರು ಕೊಡುವವನಂತೆ.

"ಬೆಳಿಗ್ಗೆ ಪೂಜೆಗೆ ಮುಂಚೆ ಎಲ್ಲಾನೂ ಒರೆಸ್ದೆ" ಎಂದಳು ಹೆಂಡತಿ. "ತುದೀಲಿ ಹೋದ ವರ್ಷದ ಗಂಧ, ಕುಂಕುಮ ಎಣ್ಣೆ ಕುಡ್ದು ಕಲ್ಲಾಗ್ಬಿಟ್ಟಿತ್ತು ರೀ. ಉಗುರಲ್ಲಿ ಕೆರ್ದು ತೆಗ್ದೆ. ಅಕ್ಕಿಕಾಳಷ್ಟು ದಪ್ಪ ಇತ್ತು."

ಅಕ್ಕಿಕಾಳಿನ ದಪ್ಪ ಎಷ್ಟೆಂದು ಅಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ತುದಿಯ ಮುಳ್ಳು ಎತ್ತರವಾದಷ್ಟೂ ಏಟು ಕೆಳಗೆ ಬೀಳುತ್ತದೆ; ಗಂಧ ಹೋಗಿ ಹಿಂದಿನ ನನ್ನ ಎತ್ತರದ ಪಟ್ಟಿ ಮಾತ್ರ ಉಳಿದರೆ ಏಟು ಮೇಲಕ್ಕೆ ಹಾರುತ್ತದೆ. ನಾನು ವರ್ಷವಿಡೀ ತಿದ್ದಿದ್ದು ಬರ್ಮಿಂಗ್‌ಹ್ಯಾಮಿನ ತಪ್ಪನ್ನಲ್ಲ, ನನ್ನ ಕೈಯಾರೆ ಹಚ್ಚಿದ ಗಂಧವನ್ನು.

ಅಷ್ಟರಲ್ಲಿ ಅವಳು ನನ್ನ ಕೈಯಿಂದ ಕೋವಿ ತೆಗೆದುಕೊಂಡು, ನಳಿಗೆ ಮಡಚಿ ಪೆಲೆಟ್ ತುಂಬಿದಳು. ಹಣ್ಣಿಗಿಂತ ಎರಡು ಬೆರಳು ಕೆಳಗೆ ಗುರಿಯಿಟ್ಟಿದ್ದನ್ನು ನಾನು ಕಂಡೆ. ಟಪ್ ಎಂದಿತು. ನಿಂಬೆಯ ರಸ ನುಗ್ಗೆಯ ಕಾಂಡಕ್ಕೆ ಸಿಡಿಯಿತು.

"ಚಿಕ್ಕೋಳಿದ್ದಾಗ ನಾನಿಲ್ದಾಗೆಲ್ಲ ಕದ್ದು ಒಡೀತಿದ್ಲು, ನಂಗೊತ್ತಿತ್ತು" ಎಂದು ಮಾವ ನಕ್ಕರು. ನನಗೆ ಗೊತ್ತಿರಲಿಲ್ಲ. ವರ್ಷವಿಡೀ ಕಂಡಕಂಡದ್ದನ್ನೆಲ್ಲ ಅಳೆದ ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಕೋವಿ ಈಗಲೂ ನಮ್ಮ ಮನೆಯಲ್ಲೇ ಇದೆ, ಅವಳ ಬೀರುವಿನಲ್ಲಿ. ಬೀಗದ ಕೈ ಅವಳ ಹತ್ತಿರ. ಭಾನುವಾರ ನಾನು ಕೇಳಿದರೆ ಕೊಡುತ್ತಾಳೆ, ಜೊತೆಗೊಂದು ಬಟ್ಟೆಯ ತುಂಡನ್ನೂ ಕೊಟ್ಟು, "ಮೊದ್ಲು ಒರೆಸ್ಕೊಳ್ಳಿ" ಅನ್ನುತ್ತಾಳೆ.