ಪ್ರಶ್ನಕ್ಕನ ಮನೆಗೇ ಬಂದ ಸರ್ವೆ

ಪ್ರಶ್ನಕ್ಕ ಎಂಬ ಹೆಸರು ಓಣಿಯ ಹುಡುಗಿಯರು ಇಟ್ಟದ್ದು. ಅವಳಿಗೆ ಆರೋಗ್ಯ ಸರ್ವೆಯಲ್ಲಿ ಕೆಲಸ ಸಿಕ್ಕ ದಿನ ಗಂಡ ಕೂಡ ಬಾಯಿ ಬಿಟ್ಟಿದ್ದ. ಗಡಿಯಾರ ರಿಪೇರಿ ಮಾಡುವ ಆತ ಮಾತಿನಲ್ಲಿ ಮಹಾ ಜಿಪುಣ. ವರ್ಷಕ್ಕೊಂದು ತಮಾಷೆ ಮಾಡಿದರೆ ಹೆಚ್ಚು. "ಇಷ್ಟು ವರ್ಷ ಪುಕ್ಕಟೆ ಕೇಳ್ತಿದ್ದೆ, ಇನ್ಮೇಲೆ ಸಂಬಳ ತಗೊಂಡು ಕೇಳು" ಅಂದ. ಆ ವರ್ಷದ ಪಾಲು ಅಲ್ಲಿಗೆ ಮುಗಿಯಿತು.

ಹದಿನೈದು ತುಂಬಿದ, ಇಪ್ಪತ್ತೈದು ದಾಟದ ಹೆಣ್ಣುಮಕ್ಕಳನ್ನು ಮನೆಮನೆಗೆ ಹೋಗಿ ಮಾತಾಡಿಸುವುದು ಅವಳ ಕೆಲಸ. ಮುಟ್ಟು ಯಾವ ವಯಸ್ಸಿಗೆ ಶುರುವಾಯಿತು, ಅದರ ಬಗ್ಗೆ ಮೊದಲು ಯಾರು ತಿಳಿಸಿದರು, ಬಸಿರಾಗದಂತೆ ತಡೆಯುವ ದಾರಿಗಳು ಗೊತ್ತೆ, ತೊಂದರೆಯಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ, ಇಂಥವೇ ಪ್ರಶ್ನೆಗಳು. ಕೈಯಲ್ಲೊಂದು ಟ್ಯಾಬ್ ಹಿಡಿದು, ಟೊಮೆಟೊ ಬೆಲೆ ವಿಚಾರಿಸುವವಳ ಮುಖಭಾವದಲ್ಲಿ ಅವಳು ಇದನ್ನೆಲ್ಲ ಕೇಳಿಬಿಡುತ್ತಿದ್ದಳು. ನಾಚಿಕೆಯಿಂದ ಮುದುಡಿದ ಹುಡುಗಿಯರೂ ಆ ಮುಖ ನೋಡಿ, ಇದೇನೂ ದೊಡ್ಡ ವಿಷಯವಲ್ಲ ಅಂದುಕೊಂಡು ಮಾತಿಗಿಳಿಯುತ್ತಿದ್ದರು.

ಹುಡುಗಿಯನ್ನು ಒಂಟಿಯಾಗಿ ಮಾತಾಡಿಸಬೇಕೆಂಬುದು ನಿಯಮ. ಒಂದೇ ಕೋಣೆಯ ಮನೆಗಳಲ್ಲಿ ಅದೆಲ್ಲಿ ಸಾಧ್ಯ? ಅಜ್ಜಿ ಮಂಚ ಬಿಟ್ಟು ಕದಲುವುದಿಲ್ಲ. ಅತ್ತೆಗೆ ಸರಿಯಾಗಿ ಅದೇ ಹೊತ್ತಿಗೆ ಬಾಗಿಲ ಬಳಿ ಕೂತು ಅಕ್ಕಿ ಆರಿಸುವ ಕೆಲಸ ನೆನಪಾಗುತ್ತದೆ. ಇದಕ್ಕೆ ಪ್ರಶ್ನಕ್ಕ ಒಂದು ಉಪಾಯ ಹೂಡಿದ್ದಳು. ಸರ್ವೆಗೆ ಜತೆಯಾಗಿ ಬಂದ ಇನ್ನೊಬ್ಬಳು ಹಿರಿಯರನ್ನು ಹೊರಗೆ ಕರೆದೊಯ್ದು ಬೇರೆಯದೇ ಪ್ರಶ್ನೆ ಕೇಳಬೇಕು: ನೀರು ನಲ್ಲಿಯದೋ ಟ್ಯಾಂಕಿನದೋ, ಸೂರು ಎಂಥದ್ದು, ಮಂಡಿನೋವು ಇದೆಯೋ. ಈ ಉತ್ತರಗಳು ಯಾವ ಕಚೇರಿಗೂ ಬೇಕಿರಲಿಲ್ಲ. ಪ್ರಶ್ನೆಗಳೆಲ್ಲ ಅವಳದೇ ಕೈವಾಡ. ಮಾತು ಮಂಡಿಗೆ ಬಂತೆಂದರೆ ಯಾವ ಅಜ್ಜಿಯೂ ಬೇಗ ಬಿಡುತ್ತಿರಲಿಲ್ಲ. ಒಳಗೆ ಹುಡುಗಿಯ ಮಾತು ನಿರಾಳವಾಗಿ ಮುಗಿಯುತ್ತಿತ್ತು.

ಈ ವಿದ್ಯೆಯನ್ನು ಅವಳು ಹೊಸಬಳೊಬ್ಬಳಿಗೆ ಧಾರೆ ಎರೆದಿದ್ದಳು. ಹೊಸಬಳು ಆಗಷ್ಟೇ ಕೆಲಸಕ್ಕೆ ಸೇರಿದ ಚುರುಕು ಹುಡುಗಿ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವಳು. ಇಬ್ಬರೂ ಮನೆಗಳಿಂದ ಹೊರಬಿದ್ದಾಗ ಪ್ರಶ್ನಕ್ಕನ ಗೊಣಗಾಟ ಒಂದೇ. 'ಮೊದಲು ಯಾರು ತಿಳಿಸಿದರು' ಎಂಬ ಪ್ರಶ್ನೆಗೆ 'ತಾಯಿ' ಎಂಬ ಉತ್ತರ ಬರುವುದು ಅಪರೂಪವಾಗಿತ್ತು.

"ಏನ್ ತಾಯಂದಿರಪ್ಪ ಇವರು! ಹೆತ್ತ ಮಗಳ ಹತ್ರ ಎರಡು ಮಾತಾಡೋಕೆ ಬಾಯಿ ಬಿದ್ದುಹೋಗಿದೆಯಾ?" ಎಂದು ರಸ್ತೆಯುದ್ದಕ್ಕೂ ಬೈಯುತ್ತಿದ್ದಳು. ಸಾಲದ್ದಕ್ಕೆ ಮನೆಗೆ ಬಂದು ಅನ್ನ ಬಡಿಸುವಾಗಲೂ ಅದೇ ಬೈಗುಳ ಮುಂದುವರಿಯುತ್ತಿತ್ತು. ಎದುರಿಗೆ ಕೂತ ಕಾಲೇಜು ಓದುವ ಮಗಳು ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು.

ಯಾವ ಮನೆಗಳಿಗೆ ಹೋಗಬೇಕೆಂದು ಕಂಪ್ಯೂಟರೇ ಲಾಟರಿ ಎತ್ತಿದಂತೆ ಎತ್ತಿಕೊಡುತ್ತದೆ. ಆ ಸಲ ಅದು ಪ್ರಶ್ನಕ್ಕನ ಮನೆಯನ್ನೇ ಎತ್ತಿತು.

ಮೇಲ್ವಿಚಾರಕರು ನಗು ತಡೆದುಕೊಂಡು, "ಸ್ವಂತ ಮನೆಯಲ್ಲಿ ನೀವು ಕೇಳೋ ಹಾಗಿಲ್ಲಮ್ಮ. ಹೊಸಬಳು ಕೇಳ್ತಾಳೆ. ಜತೆಗೆ ನಾನು ಬರ್ತೀನಿ" ಅಂದರು.

ಭಾನುವಾರ ಬೆಳಿಗ್ಗೆ ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಮಹಡಿಯ ಮೇಲೆ ಎರಡು ಕೋಣೆಯ ಮನೆ, ಕಿಟಕಿಯ ಬಳಿ ಗಂಡನ ರಿಪೇರಿ ಮೇಜು. ಆತ ಯಾರೂ ಹೇಳುವ ಮೊದಲೇ ಚಪ್ಪಲಿ ಮೆಟ್ಟಿ ಜಾಗ ಖಾಲಿ ಮಾಡಿದ. ಪ್ರಶ್ನಕ್ಕ ಮಾತ್ರ ಒಣಗಿದ ಬಟ್ಟೆಗಳ ರಾಶಿ ತಂದು ಮಗಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಅಕ್ಕಾ, ಸ್ವಲ್ಪ ಹೊರಗೆ..." ಎಂದಳು ಹೊಸಬಳು.

"ನನ್ನ ಪಾಡಿಗೆ ನಾನು ಬಟ್ಟೆ ಮಡಚ್ತಾ ಇರ್ತೀನಿ. ನೀವು ಮಾತಾಡ್ಕೊಳ್ಳಿ."

ಅಷ್ಟರಲ್ಲಿ ಬಾಗಿಲಿನಿಂದ ಮೇಲ್ವಿಚಾರಕರ ದನಿ ಬಂತು. "ಅಮ್ಮಾ, ಒಂದ್ನಿಮಿಷ ಬನ್ನಿ. ನಿಮ್ಮನೆ ನೀರು ನಲ್ಲಿದೋ, ಟ್ಯಾಂಕಿದೋ?"

ಪ್ರಶ್ನಕ್ಕನ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು. "ಸಾರ್! ಇವು ನನ್ನ ಪ್ರಶ್ನೆಗಳು!"

"ಗೊತ್ತಮ್ಮ, ಬಹಳ ಒಳ್ಳೇ ಪ್ರಶ್ನೆಗಳು. ಸೂರು ಶೀಟಿಂದೋ, ಕಾಂಕ್ರೀಟೋ?"

ಬೇರೆ ದಾರಿ ಇರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು, ಒಂದು ಕಿವಿಯನ್ನು ಬಾಗಿಲಿಗೆ ಅಡವಿಟ್ಟು, ಹೂಂ ಉಹೂಂ ಎನ್ನುತ್ತ ಉತ್ತರ ಕೊಟ್ಟಳು. ಮಂಡಿನೋವಿಗೆ ಬಂದಾಗ 'ಇಲ್ಲ' ಅಂದು ಎದ್ದುಬಿಡಬೇಕೆಂದು ಮೊದಲೇ ನಿರ್ಧರಿಸಿದ್ದಳು. ಆದರೆ ವರ್ಷಗಟ್ಟಲೆ ಊರವರ ಮೆಟ್ಟಿಲು ಹತ್ತಿಳಿದ ಮಂಡಿಗಳವು. ಇದುವರೆಗೆ ಅವುಗಳ ಕಷ್ಟಸುಖ ಕೇಳಿದವರೂ ಇರಲಿಲ್ಲ. "ಎಡಗಡೇದು ಸಾರ್, ಹತ್ತೋವಾಗ ಅಷ್ಟಿಲ್ಲ, ಇಳಿಯೋವಾಗ ನೋಡಿ..." ಎಂದು ಶುರುವಾದದ್ದು ಬಲಮಂಡಿಗೆ ಬಂದು, ಎಣ್ಣೆಗೆ ಬಂದು, ಎಣ್ಣೆ ತಂದುಕೊಡದ ಗಂಡನಿಗೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಹೊಸಬಳು ಟ್ಯಾಬನ್ನು ಚೀಲಕ್ಕೆ ಹಾಕುತ್ತ, "ಮುಗೀತು ಅಕ್ಕ" ಅಂದಳು.

ಅಲ್ಲಿಂದ ಪ್ರಶ್ನಕ್ಕನಿಗೆ ನಿದ್ದೆ ಹತ್ತಲಿಲ್ಲ, ಕೆಲಸ ಹತ್ತಲಿಲ್ಲ. ಹೊಸಬಳಿಗೆ ತಾನಾಗಿ ಟೀ ಕೊಡಿಸಿ, ಬಿಸ್ಕತ್ತನ್ನೂ ಕೊಡಿಸಿ, ಮೆಲ್ಲಗೆ ಕೆದಕಿದಳು.

"ಮೊನ್ನೆ ನಮ್ಮನೇಲಿ... ಏನಾದ್ರೂ ವಿಶೇಷ?"

"ಗಂಡ ಕೇಳಿದ್ರೂ ಹೇಳಬಾರದು, ದೇವರೇ ಇಳಿದು ಬಂದು ಕೇಳಿದ್ರೂ ಹೇಳಬಾರದು ಅಂತ ನೀವೇ ಅಲ್ವಾ ಅಕ್ಕ ಕಲಿಸಿದ್ದು?"

"ನಾನು ಗಂಡನೂ ಅಲ್ಲ, ದೇವರೂ ಅಲ್ಲ."

"ತಾಯಿ ಇಬ್ಬರಿಗಿಂತ ಡೇಂಜರ್ ಅಕ್ಕ" ಎಂದು ಹೊಸಬಳು ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡಳು.

ಕೊನೆಗೆ ಒಂದು ಸಂಜೆ, ಮಹಡಿಯ ಮೇಲೆ ಮಗಳ ತಲೆ ಬಾಚುತ್ತ ಪ್ರಶ್ನಕ್ಕ ಸುತ್ತುಬಳಸಿ ಹೊರಟಳು. "ನನ್ನ ಸ್ನೇಹಿತೆಗೊಬ್ಬಳು ಮಗಳಿದಾಳೆ ಕಣೇ. ಆ ಮಗಳಿಗೆ, ಮುಟ್ಟಿನ ವಿಷಯ ಮೊದಲು ಯಾರು ಹೇಳಿದ್ದು ಅಂತ ಯಾರಾದ್ರೂ ಕೇಳಿದ್ರೆ..."

"ಗೆಳತಿಯರು ಅಂತ ಹೇಳ್ದೆ ಅಮ್ಮ."

ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಿತು. "ಗೆಳತಿಯರಾ? ನಾನು ಹೇಳಿರಲಿಲ್ವಾ?"

"ನೀನು ಆಸ್ಪತ್ರೆಯಿಂದ ಒಂದು ಕರಪತ್ರ ತಂದು ನನ್ನ ದಿಂಬಿನ ಕೆಳಗೆ ಇಟ್ಟಿದ್ದೆ. ಇಟ್ಟ ಮೇಲೆ ನನ್ನ ಮುಖ ನೋಡೋದನ್ನೇ ಬಿಟ್ಟಿದ್ದೆ. ಅದೂ ಅಲ್ದೆ ಅಮ್ಮ, ಅದು ಗಂಡಸರ ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ ಕರಪತ್ರ."

ಪ್ರಶ್ನಕ್ಕನಿಗೆ ನಗು ಒತ್ತರಿಸಿ ಬಂತು. ಮಗಳೂ ನಕ್ಕಳು. ನಗು ಇಳಿದ ಮೇಲೆ ಮಗಳು ತಲೆ ತಿರುಗಿಸದೆ, "ತೊಂದರೆ ಆದ್ರೆ ಯಾರ ಹತ್ರ ಹೇಳ್ಕೋತೀರಿ ಅಂತಾನೂ ಕೇಳಿದ್ರು. ಯಾರ ಹತ್ರಾನೂ ಇಲ್ಲ ಅಂದೆ" ಎಂದಳು.

"ತೊಂದರೆ ಇದೆಯೇನೇ?"

ಮಗಳು ಹೇಳಿದಳು. ತಿಂಗಳುಗಟ್ಟಲೆ ಮುಟ್ಟೇ ಆಗುವುದಿಲ್ಲ, ಆಯಿತೆಂದರೆ ನಿಲ್ಲುವುದಿಲ್ಲ. ತಲೆ ಸುತ್ತು ಬರುತ್ತದೆ. ಕ್ಲಾಸಿನಲ್ಲಿ ಕೂತಲ್ಲಿಂದ ಏಳಲು ಭಯ. ಹೋದ ವರ್ಷದಿಂದಲೂ ಹೀಗೆಯೇ.

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಮಕ್ಕಳ ಹತ್ರ ಮಾತಾಡದ ತಾಯಂದಿರನ್ನ ನೀನು ದಿನಾ ಬೈತಿದ್ದೆ. ಆ ಬೈಗುಳ ನಿನಗೂ ತಗಲುತ್ತೆ ಅಂತ ನಾನು ಹೇಗಮ್ಮ ಹೇಳಲಿ?"

ಪ್ರಶ್ನಕ್ಕ ಕೂದಲ ಸಿಕ್ಕನ್ನು ನೋಯದ ಹಾಗೆ ಬಿಡಿಸಿ, ಜಡೆ ಹೆಣೆದು, ತುದಿ ಕಟ್ಟಿದಳು. ಆಮೇಲೆ, "ನಾಳೆ ಕಾಲೇಜಿಗೆ ರಜೆ ಹಾಕು" ಅಂದಳು.

ಮಾರನೆಯ ದಿನ ಡಾಕ್ಟರಮ್ಮನ ಎದುರು ಕೂತಾಗ, ಓಣಿಯ ಹುಡುಗಿಯರ ಬಳಿ ಎಲ್ಲವನ್ನೂ ಕೇಳಿದ್ದ ಆ ನಾಲಿಗೆ ಕೈಕೊಟ್ಟಿತು. "ಅದು ಡಾಕ್ಟ್ರೇ... ಇವಳಿಗೆ... ಹೊಟ್ಟೆ... ಅಂದ್ರೆ ಕೆಳಗಡೆ..." ಎಂದು ತಡವರಿಸಿದಳು.

"ಅಜೀರ್ಣನಾ?" ಎಂದು ಕೇಳಿದರು ಡಾಕ್ಟರಮ್ಮ.

ಮಗಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಎಲ್ಲವನ್ನೂ ನೇರವಾಗಿ ಹೇಳಿದಳು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯಿತು. ಹಾರ್ಮೋನ್ ಏರುಪೇರಾಗಿದೆ, ಮೈಯಲ್ಲಿ ರಕ್ತ ಬಹಳ ಕಡಿಮೆ ಇದೆ, ಹೀಗೇ ಬಿಟ್ಟಿದ್ದರೆ ಆಸ್ಪತ್ರೆ ಸೇರಬೇಕಾಗುತ್ತಿತ್ತು ಎಂದರು. ಹೆದರುವಂಥದ್ದಲ್ಲ, ಆದರೆ ಮಾತ್ರೆ ತಪ್ಪಿಸಬಾರದು. ಗುಣವಾಗಲು ತಿಂಗಳುಗಳೇ ಹಿಡಿದವು. ನಡುನಡುವೆ ಮಾತ್ರೆ ಬದಲಾಯಿಸಬೇಕಾಯಿತು, ಒಂದೆರಡು ಸಲ ಅಳುವೂ ಆಯಿತು. ಮುಂದಿನ ಕಾಲೇಜು ಪರೀಕ್ಷೆಯ ಹೊತ್ತಿಗೆ ಮಗಳು ಇಡೀ ಹೊತ್ತು ನಿಶ್ಚಿಂತೆಯಿಂದ ಕೂತು ಬರೆದು ಬಂದಳು.

ಆದರೆ ತಾಯಿಗೆ ಮಾತು ಬಂದದ್ದು ಅದಕ್ಕಿಂತ ಬಹಳ ಮೊದಲು, ಡಾಕ್ಟರಮ್ಮನ ಬಳಿಯಿಂದ ಮರಳುತ್ತಿದ್ದ ಬಸ್ಸಿನಲ್ಲಿಯೇ. ಮಗಳು ಕೇಳಿದಳು, "ನಿನಗೆ ಯಾರು ಹೇಳಿಕೊಟ್ಟರಮ್ಮ?"

"ಯಾರೂ ಇಲ್ಲ. ಸ್ಕೂಲಲ್ಲಿ ಕೆಂಪು ಶಾಯಿ ಮೇಲೆ ಕೂತೆ ಅಂದ್ಕೊಂಡೆ. ಶಾಯಿ ಅಲ್ಲ ಅಂತ ಗೊತ್ತಾದಾಗ, ಸರಿ, ನಾನು ಸಾಯ್ತೀನಿ ಅಂತ ತೀರ್ಮಾನ ಮಾಡಿದೆ. ಮನೆಗೆ ಬಂದು ನನ್ನ ರಿಬ್ಬನ್ನು, ಬಳೆ ಎಲ್ಲಾ ನಿಮ್ಮ ಚಿಕ್ಕಮ್ಮಂಗೆ ಕೊಟ್ಟುಬಿಟ್ಟೆ."

"ಆಮೇಲೆ?"

"ಆಮೇಲೇನು, ಸಾಯಲಿಲ್ಲ. ವಾಪಸ್ ಕೇಳಿದ್ರೆ ಅವಳು ಕೊಡಲಿಲ್ಲ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪ್ರಶ್ನಕ್ಕ ಉತ್ಸಾಹದಿಂದ ದನಿ ಏರಿಸಿ, ಅಂದಿನ ಮುಟ್ಟಿನ ಬಟ್ಟೆಯ ಕಷ್ಟವನ್ನೆಲ್ಲ ವಿವರಿಸತೊಡಗಿದಳು. ಮುಂದಿನ ಸೀಟಿನಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ಎದ್ದು, ಡ್ರೈವರ್ ಹಿಂದಿನ ಸೀಟಿಗೆ ಹೋಗಿ ಕೂತರು.